ಸಣ್ಣ ವಿಮಾನ ಕಂಪೆನಿಗಳೂ ಚಾಲಕರ ಶಿಕ್ಷಣವೂ

ಎತ್ತಿನ ಬಂಡಿಯಲ್ಲಿ ಕುಳಿತವನಿಗೆ ಬಂಡಿ ಹೊಡೆಯುವವನು ಕೈಗೆಟಕುವಷ್ಟು ಹತ್ತಿರದಲ್ಲಿರುತ್ತಾನೆ. ತೂಕಡಿಸಿದರೆ ಬೆನ್ನು ತಟ್ಟಿ ಎಚ್ಚರಿಸಬಹುದು. ಬಸ್ಸಿನಲ್ಲಿ ಕುಳಿತವನೂ ಘಟ್ಟದ ಎರಡು ತಿರುವು ಕಳೆಯುವಷ್ಟರಲ್ಲಿ ಚಾಲಕನ ಯೋಗ್ಯತೆಯನ್ನು ಅಳೆದುಬಿಡುತ್ತಾನೆ. ವಿಮಾನದಲ್ಲಿ ಮಾತ್ರ ನಮಗೂ ಚಾಲಕನಿಗೂ ನಡುವೆ ಬೀಗ ಹಾಕಿದ ಬಾಗಿಲೊಂದಿರುವುದು. ಅದರಾಚೆ ಕುಳಿತವರು ಎಲ್ಲಿ ಕಲಿತರು, ಎಷ್ಟು ಸಲ ತಪ್ಪಿದರು, ಹಿಂದಿನ ರಾತ್ರಿ ಎಲ್ಲಿ ಮಲಗಿದ್ದರು, ಅವರಿಗೆ ಸಂಬಳವೆಷ್ಟು ಎಂಬುದನ್ನು ಟಿಕೆಟು ಕೊಂಡವನು ಕೇಳುವುದೂ ಇಲ್ಲ, ಕೇಳಿದರೆ ಹೇಳುವವರೂ ಇಲ್ಲ. ನಮ್ಮ ಪರವಾಗಿ ಕಂಪೆನಿಯೂ ಸರಕಾರವೂ ಕೇಳಿರುತ್ತವೆಂಬ ನಂಬಿಕೆಯಿಂದ ಸೊಂಟದ ಪಟ್ಟಿಯನ್ನು ಬಿಗಿದುಕೊಂಡು ಕುಳಿತಿರುತ್ತೇವೆ. ಈ ನಂಬಿಕೆಗೆ ಆಧಾರವೆಷ್ಟು ಎಂಬುದನ್ನು ಈ ತಿಂಗಳು ವಾಚಕರೊಡನೆ ಪರ್ಯಾಲೋಚಿಸಬೇಕೆಂದಿದ್ದೇವೆ. ಅದಕ್ಕಾಗಿ ಅಮೆರಿಕಾ ದೇಶದ ಒಂದು ಪ್ರಸಂಗವನ್ನು ಆರಿಸಿಕೊಂಡಿದ್ದೇವೆ. ಏಕೆಂದರೆ ಅಲ್ಲಿ ಈ ಪ್ರಶ್ನೆಗಳನ್ನೆಲ್ಲ ಬಹಿರಂಗವಾಗಿ ಕೇಳಿ, ಬಂದ ಉತ್ತರಗಳನ್ನು ಅಚ್ಚು ಹಾಕಿಸಿದರು.

2009ನೆಯ ಫೆಬ್ರವರಿ 12ನೆಯ ತಾರೀಖು ರಾತ್ರಿ ಹತ್ತು ಗಂಟೆ ದಾಟಿದ ಮೇಲೆ, ನ್ಯೂಯಾರ್ಕಿನ ಮಗ್ಗುಲಿನ ನ್ಯೂವಾರ್ಕಿನಿಂದ ಬಫಲೋ ನಗರಕ್ಕೆ ಹೊರಟಿದ್ದ ವಿಮಾನವೊಂದು, ಇಳಿಯಲು ಕೆಲವೇ ನಿಮಿಷಗಳಿರುವಾಗ ಕ್ಲಾರೆನ್ಸ್ ಸೆಂಟರ್ ಎಂಬ ಊರಿನ ಒಂದು ಮನೆಯ ಮೇಲೆ ಬಿದ್ದಿತು. ವಿಮಾನದಲ್ಲಿದ್ದ 49 ಮಂದಿಯೂ, ಆ ಮನೆಯ ಯಜಮಾನರೂ ಮೃತರಾದರು. ಮನೆಯಲ್ಲಿದ್ದ ಅವರ ಪತ್ನಿಯೂ ಮಗಳೂ ಹೇಗೋ ಪಾರಾದರು. ಟಿಕೆಟಿನ ಮೇಲಿದ್ದ ಹೆಸರು ಕಾಂಟಿನೆಂಟಲ್ ಎಂಬ ದೊಡ್ಡ ಕಂಪೆನಿಯದು. ವಿಮಾನವನ್ನು ನಡೆಸುತ್ತಿದ್ದುದೋ ಕೋಲ್ಗನ್ ಏರ್ ಎಂಬ ಬೇರೊಂದು ಚಿಕ್ಕ ಕಂಪೆನಿ. ಲಗ್ನಪತ್ರಿಕೆಯ ಮೇಲೆ ಯಜಮಾನನ ಹೆಸರಿದ್ದು ಅಡುಗೆಯನ್ನು ಗುತ್ತಿಗೆದಾರನಿಗೆ ಒಪ್ಪಿಸುವಂತೆ, ದೊಡ್ಡ ಕಂಪೆನಿಗಳು ಚಿಕ್ಕ ಊರುಗಳ ಸಂಚಾರವನ್ನು ಇಂತಹ ಪ್ರಾಂತೀಯ ಕಂಪೆನಿಗಳಿಗೆ ಒಪ್ಪಿಸುವುದು ಆ ದೇಶದ ವಾಡಿಕೆ. ಆ ಕಾಲದಲ್ಲಿ ಅಲ್ಲಿಯ ಹಾರಾಟಗಳಲ್ಲಿ ಅರ್ಧಕ್ಕೆ ಸಮೀಪವಾದಷ್ಟು ಹೀಗೆ ಗುತ್ತಿಗೆಯವೇ ಆಗಿದ್ದವು. ಗುತ್ತಿಗೆ ಸಿಕ್ಕುವುದು ಕಡಿಮೆ ಬೆಲೆಗೆ ಒಪ್ಪಿಕೊಂಡವನಿಗೆ. ಕಡಿಮೆ ಬೆಲೆ ಎಲ್ಲಿಂದ ಹುಟ್ಟುತ್ತದೆಂಬುದನ್ನು ಸಂಸಾರ ನಡೆಸುವವರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ವಿಮಾನವು ಬಿದ್ದುದೇಕೆ? ಚಳಿಗಾಲದ ರಾತ್ರಿ, ರೆಕ್ಕೆಗೆ ಹಿಮಗಡ್ಡೆ ಹತ್ತಿದುದರಿಂದಲೇ ಇರಬೇಕೆಂದು ಮೊದಲು ಎಲ್ಲರೂ ಊಹಿಸಿದರು. ಆದರೆ ಅಲ್ಲಿಯ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿಯು ಒಂದು ವರ್ಷ ವಿಚಾರಣೆ ಮಾಡಿ ಬೇರೆಯೇ ತೀರ್ಮಾನಕ್ಕೆ ಬಂದಿತು. ವಿಮಾನದ ವೇಗವು ಒಂದು ಮಿತಿಗಿಂತ ಇಳಿದರೆ ರೆಕ್ಕೆಯು ಭಾರವನ್ನು ಹೊರಲಾರದೆ ಹೋಗುವುದು. ಇದನ್ನು ಸ್ಟಾಲ್ ಎನ್ನುತ್ತಾರೆ. ಆ ಸ್ಥಿತಿ ಹತ್ತಿರವಾದಾಗ ಚಾಲಕನ ಕೈಯಲ್ಲಿರುವ ದಂಡವು ತಾನಾಗಿಯೇ ಗಡಗಡನೆ ನಡುಗಿ ಎಚ್ಚರಿಸುತ್ತದೆ. ಆಗ ಮಾಡತಕ್ಕದ್ದು ದಂಡವನ್ನು ಮುಂದಕ್ಕೆ ಒತ್ತಿ, ವಿಮಾನದ ಮೂತಿಯನ್ನು ತಗ್ಗಿಸಿ, ಎಂಜಿನಿನ ಶಕ್ತಿಯನ್ನು ಪೂರ್ಣ ಹೆಚ್ಚಿಸುವುದು. ಆದರೆ ಬೀಳುತ್ತಿರುವೆನೆಂಬ ಭಯ ಹುಟ್ಟಿದವನ ಕೈ ಸ್ವಭಾವತಃ ದಂಡವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಈ ಸ್ವಭಾವವನ್ನು ಮುರಿಯುವುದಕ್ಕಾಗಿಯೇ ತರಬೇತಿ ಇರುವುದು. ಬಫಲೋ ವಿಮಾನದಲ್ಲಿ ದಂಡವು ನಡುಗಿದಾಗ ವಿಮಾನವು ಇನ್ನೂ ಹಾರಬಲ್ಲ ಸ್ಥಿತಿಯಲ್ಲೇ ಇತ್ತು. ಮುಖ್ಯ ಚಾಲಕರು ದಂಡವನ್ನು ಹಿಂದಕ್ಕೆ ಎಳೆದರು. ಆಗ ನಿಜವಾಗಿಯೂ ಸ್ಟಾಲ್ ಸಂಭವಿಸಿತು. ದಂಡವನ್ನು ಬಲವಂತವಾಗಿ ಮುಂದಕ್ಕೆ ತಳ್ಳುವ ಇನ್ನೊಂದು ಯಂತ್ರವು ತನ್ನ ಕೆಲಸ ಮಾಡಹೊರಟರೆ, ಅದರ ವಿರುದ್ಧವೂ ಎಳೆದರು. ಆ ಯಂತ್ರವು ಹೇಗೆ ವರ್ತಿಸುತ್ತದೆಂಬುದನ್ನು ಕಂಪೆನಿಯ ತರಬೇತಿಯಲ್ಲಿ, ಸಿಮ್ಯುಲೇಟರ್ ಎಂಬ ಅಣಕು ವಿಮಾನದಲ್ಲಿಯೂ, ಅವರಿಗೆ ತೋರಿಸಿರಲೇ ಇಲ್ಲ.

ಮುಖ್ಯ ಚಾಲಕರ ಹಿಂದಿನ ಕಥೆಯನ್ನು ಕೆದಕಿದಾಗ, ಈ ಕೆಲಸಕ್ಕೆ ಸೇರುವ ಮೊದಲೇ ಅವರು ಸರಕಾರದ ಹಾರಾಟ ಪರೀಕ್ಷೆಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ನಪಾಸಾಗಿದ್ದುದೂ, ಅರ್ಜಿಯಲ್ಲಿ ಒಂದನ್ನು ಮಾತ್ರ ತಿಳಿಸಿದ್ದುದೂ ಹೊರಬಿದ್ದಿತು. ಸೇರಿದ ಮೇಲೆಯೂ ಪರೀಕ್ಷೆಗಳಲ್ಲಿ ತಪ್ಪಿದ್ದರು. ಪ್ರತಿ ಸಲವೂ ಮತ್ತೆ ಪರೀಕ್ಷೆ ಕೊಟ್ಟು ತೇರ್ಗಡೆಯಾಗಿದ್ದರು. ಪರೀಕ್ಷೆಯಲ್ಲಿ ಒಮ್ಮೆ ತಪ್ಪುವುದು ಅಪರಾಧವಲ್ಲ. ಒಳ್ಳೆಯ ಚಾಲಕರಲ್ಲಿಯೂ ತಪ್ಪಿದವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಒಂದೇ ಬಗೆಯ ದೌರ್ಬಲ್ಯವು ಮತ್ತೆ ಮತ್ತೆ ತಲೆದೋರುತ್ತಿದೆಯೇ ಎಂದು ನೋಡಿ, ಅದನ್ನು ತಿದ್ದುವವರು ಯಾರಾದರೂ ಇರಬೇಡವೇ? 1996ರ ಶಾಸನದ ಪ್ರಕಾರ ಹಿಂದಿನ ಯಜಮಾನರಿಂದ ದಾಖಲೆ ತರಿಸಿಕೊಳ್ಳುವುದು ಕಡ್ಡಾಯವಾಗಿತ್ತು. ಸರಕಾರದ ಪರೀಕ್ಷೆಗಳ ಫಲಿತಾಂಶ ಬೇಕಾದರೆ ಅರ್ಜಿದಾರನಿಂದ ಒಪ್ಪಿಗೆಯ ಕಾಗದವನ್ನು ಪ್ರತ್ಯೇಕವಾಗಿ ಪಡೆಯಬೇಕಿತ್ತು. ಕಂಪೆನಿಯು ಆ ಒಂದು ಕಾಗದವನ್ನು ಕೇಳಿರಲಿಲ್ಲ.

ಸಹಚಾಲಕಿಯು 24 ವರ್ಷದ ತರುಣಿ. ವಾಸವಿದ್ದುದು ಪಶ್ಚಿಮ ತೀರದ ಸಿಯಾಟಲ್ ಬಳಿ, ತಂದೆತಾಯಿಯರ ಊರಿನಲ್ಲಿ. ಕೆಲಸವಿದ್ದುದು ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ದೂರದ ನ್ಯೂವಾರ್ಕಿನಲ್ಲಿ. ಹಿಂದಿನ ರಾತ್ರಿಯೆಲ್ಲ ಸರಕು ವಿಮಾನದಲ್ಲಿ ಕುಳಿತು, ನಡುದಾರಿಯಲ್ಲಿ ವಿಮಾನ ಬದಲಿಸಿ ಬಂದು ಕೆಲಸಕ್ಕೆ ಹಾಜರಾಗಿದ್ದಳು. ನೆಗಡಿಯೂ ಹಿಡಿದಿತ್ತು. ರಜೆ ಹಾಕಿದರೆ ಹೋಟೆಲಿನ ಖರ್ಚನ್ನು ತಾನೇ ಹೊರಬೇಕಾಗುತ್ತದೆಂದು ಅವಳು ಆಡಿದ ಮಾತು ವಿಮಾನದ ಧ್ವನಿಮುದ್ರಿಕೆಯಲ್ಲಿ ಉಳಿದಿದೆ. ಅವಳ ಸಂಬಳ ವರ್ಷಕ್ಕೆ ಸುಮಾರು 16,000 ಡಾಲರ್ ಎಂದು ವಿಚಾರಣೆಯಲ್ಲಿ ಹೊರಬಿದ್ದಾಗ ದೇಶವೇ ಬೆಚ್ಚಿತು. ಕಂಪೆನಿಯು ಇನ್ನಷ್ಟು ಹೆಚ್ಚಿನ ಅಂಕಿಯನ್ನು ಆಮೇಲೆ ಹೇಳಿತು. ಮುಖ್ಯ ಚಾಲಕರೂ ಆ ರಾತ್ರಿ ವಿಮಾನ ನಿಲ್ದಾಣದ ವಿಶ್ರಾಂತಿ ಕೊಠಡಿಯಲ್ಲಿ ಕಾಲ ಕಳೆದಿದ್ದವರೇ. ಆಯಾಸವು ಇಬ್ಬರನ್ನೂ ಬಾಧಿಸಿರಬೇಕೆಂದು ಮಂಡಲಿಯು ಒಪ್ಪಿತು. ಎಷ್ಟರ ಮಟ್ಟಿಗೆ ಎಂದು ಅಳೆಯಲು ಅದಕ್ಕೆ ಸಾಧ್ಯವಾಗಲಿಲ್ಲ. ಇಂತಹ ಸಂಬಳಕ್ಕೆ ಪಳಗಿದ ಕೈ ಬೇಕೆನ್ನುವುದು, ತೌಡು ಕೊಟ್ಟು ತುಪ್ಪ ಕೇಳಿದಂತೆಯೇ ಸರಿ.

ಮೃತರ ಮನೆಯವರು ಸುಮ್ಮನೆ ಕೂಡಲಿಲ್ಲ. ಗಂಡನನ್ನು, ಮಗಳನ್ನು, ಅಕ್ಕನನ್ನು ಕಳೆದುಕೊಂಡವರು ಕೆಂಪು ಬಟ್ಟೆ ತೊಟ್ಟು ವಾಷಿಂಗ್ಟನ್ನಿಗೆ ಮತ್ತೆ ಮತ್ತೆ ಹೋಗಿ ಶಾಸನಸಭೆಯ ಸದಸ್ಯರ ಬಾಗಿಲು ತಟ್ಟಿದರು. 2010ನೆಯ ಆಗಸ್ಟಿನಲ್ಲಿ ಶಾಸನವಾಯಿತು. ಅದುವರೆಗೆ 250 ಗಂಟೆ ಹಾರಿದವನು ಸಹಚಾಲಕನಾಗಬಹುದಿತ್ತು. 2013ರಿಂದ 1,500 ಗಂಟೆ ಬೇಕಾಯಿತು. ಸೈನ್ಯದಲ್ಲಿ ಪಳಗಿದವರಿಗೆ 750, ವಿಮಾನವಿದ್ಯೆಯ ನಾಲ್ಕು ವರ್ಷದ ಪದವೀಧರರಿಗೆ 1,000 ಸಾಕೆಂದಾಯಿತು. ವಿಶ್ರಾಂತಿಯ ಹೊಸ ನಿಯಮಗಳು 2014ರಲ್ಲಿ ಜಾರಿಗೆ ಬಂದವು. ಸ್ಟಾಲಿನಿಂದ ಪಾರಾಗುವುದನ್ನು ಅಣಕು ವಿಮಾನದಲ್ಲಿ ಪೂರ್ಣವಾಗಿ ಅಭ್ಯಾಸ ಮಾಡಿಸುವುದೂ ತರುವಾಯ ಕಡ್ಡಾಯವಾಯಿತು. ಕೋಲ್ಗನ್ ಕಂಪೆನಿಯು 2012ರಲ್ಲಿ ಮುಚ್ಚಿಹೋಯಿತು.

ಇಲ್ಲಿ ನಾವು ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಶಾಸನದಲ್ಲಿ ಎಲ್ಲರ ಬಾಯಲ್ಲಿಯೂ ನಿಂತದ್ದು 1,500 ಎಂಬ ಸಂಖ್ಯೆ. ಆದರೆ ಬಫಲೋ ವಿಮಾನದ ಮುಖ್ಯ ಚಾಲಕರು 3,000 ಗಂಟೆಗಿಂತಲೂ, ಸಹಚಾಲಕಿಯು 2,000 ಗಂಟೆಗಿಂತಲೂ ಹೆಚ್ಚು ಹಾರಿದ್ದರು. ಈ ನಿಯಮವು ಆ ರಾತ್ರಿಯೇ ಇದ್ದಿದ್ದರೂ ಅವರಿಬ್ಬರನ್ನೂ ತಡೆಯುತ್ತಿರಲಿಲ್ಲ. ಅಲ್ಲದೆ 1,500 ಗಂಟೆಗಳನ್ನು ತುಂಬಿಸುವ ಬಗೆಯನ್ನೂ ನೋಡಬೇಕು. ಒಬ್ಬನು ಹೊಸ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಒಂದೇ ಮೈದಾನದ ಸುತ್ತ ಸುತ್ತುತ್ತಾನೆ. ಇನ್ನೊಬ್ಬನು ಜಾಹೀರಾತಿನ ಪಟವನ್ನು ಬಾಲಕ್ಕೆ ಕಟ್ಟಿಕೊಂಡು ಸಮುದ್ರ ತೀರದಲ್ಲಿ ಹಾರಾಡುತ್ತಾನೆ. ಸರಳೆ ವರಸೆಯನ್ನೇ ಸಾವಿರದ ಐನೂರು ಗಂಟೆ ನುಡಿಸಿದವನು ರಾಗಾಲಾಪನೆ ಬಲ್ಲನೆಂದು ಯಾವ ವಿದ್ವಾಂಸರೂ ಒಪ್ಪರು. ಆದರೂ ಅಷ್ಟು ನುಡಿಸಿದವನ ಬೆರಳಿಗೆ ಒಂದು ಹದ ಬಂದಿರುತ್ತದೆಂಬುದನ್ನು ಅವರು ಅಲ್ಲಗಳೆಯಲಾರರು.

ಗಂಟೆಯ ಲೆಕ್ಕ ಸಾಲದೆಂಬುದಕ್ಕೆ ಹತ್ತು ವರ್ಷಗಳ ಮೇಲೆ ಇನ್ನೊಂದು ಸಾಕ್ಷಿ ದೊರೆಯಿತು. 2019ನೆಯ ಫೆಬ್ರವರಿ 23ರಂದು ಅಟ್ಲಾಸ್ ಏರ್ ಕಂಪೆನಿಯ ಸರಕು ವಿಮಾನವೊಂದು ಟೆಕ್ಸಾಸಿನ ಹ್ಯೂಸ್ಟನ್ ನಗರಕ್ಕೆ ಇಳಿಯಹೊರಟು ಹತ್ತಿರದ ಕೊಲ್ಲಿಯಲ್ಲಿ ಬಿದ್ದು, ಒಳಗಿದ್ದ ಮೂವರೂ ಸತ್ತರು. ನಡೆಸುತ್ತಿದ್ದ ಸಹಚಾಲಕನು 5,000 ಗಂಟೆಗೆ ಮೇಲ್ಪಟ್ಟು ಹಾರಿದವನು. ಹಿಂದೆ ಪ್ರಾಂತೀಯ ಕಂಪೆನಿಗಳಲ್ಲಿದ್ದಾಗ ತರಬೇತಿಯಲ್ಲಿ ಹಲವು ಸಲ ತಪ್ಪಿದ್ದನು. ಅನಿರೀಕ್ಷಿತವಾದದ್ದು ನಡೆದಾಗ ಗಾಬರಿಬಿದ್ದು ಯೋಚಿಸದೆ ಕೈಗೆ ಬಂದುದನ್ನು ಒತ್ತುವುದು ಅವನ ದೋಷವೆಂದು ಕಲಿಸಿದವರು ಗುರುತಿಸಿದ್ದರು. ಕಂಪೆನಿಯಿಂದ ಕಂಪೆನಿಗೆ ಹೋಗುವಾಗ ಅವನು ಕೆಲವು ವಿಷಯಗಳನ್ನು ಬಚ್ಚಿಟ್ಟನು. ಚಾಲಕರ ಸಕಲ ದಾಖಲೆಗಳನ್ನೂ ಒಂದೇ ಭಂಡಾರದಲ್ಲಿಡಬೇಕೆಂದು 2010ರ ಶಾಸನವೇ ವಿಧಿಸಿತ್ತಾದರೂ, ಅದರ ಪೂರ್ಣ ನಿಯಮಗಳು ಹೊರಟದ್ದು 2021ರಲ್ಲಿ. ಗಂಟೆಗಳನ್ನು ಎಣಿಸುವುದು ಸುಲಭವಾದ್ದರಿಂದ ಅದು ಮೊದಲು ಆಯಿತು; ತಪ್ಪುಗಳನ್ನು ಬರೆದಿಡುವುದು ಎಲ್ಲರಿಗೂ ಮುಜುಗರವಾದ್ದರಿಂದ ಹಿಂದೆ ಬಿದ್ದಿತು ಎಂದೇ ನಾವು ಭಾವಿಸುತ್ತೇವೆ. ಮುಖ್ಯವಾದುದು ಎರಡನೆಯದೇ ಆಗಿತ್ತು.

ಕಂಪೆನಿಗಳ ಪಕ್ಷವನ್ನೂ ಕೇಳೋಣ. ಚಾಲಕರು ಸಾಲದೆ ಸಣ್ಣ ಊರುಗಳಿಗೆ ಸಂಚಾರವೇ ನಿಂತುಹೋಗುತ್ತಿದೆ ಎಂಬುದು ಅವರ ಅಳಲು. 2022ರಲ್ಲಿ ಸ್ಕೈವೆಸ್ಟ್ ಕಂಪೆನಿಯು 29 ಸಣ್ಣ ಊರುಗಳ ಸೇವೆಯನ್ನು ಬಿಡುವೆನೆಂದು ನೋಟೀಸು ಕೊಟ್ಟಿತು. ಅದೇ ವರ್ಷ ರಿಪಬ್ಲಿಕ್ ಕಂಪೆನಿಯು, ತನ್ನ ಸ್ವಂತ ಶಾಲೆಯಲ್ಲಿ ಕಲಿತವರಿಗೆ 750 ಗಂಟೆ ಸಾಕೆನ್ನಬೇಕೆಂದು ಅರ್ಜಿ ಹಾಕಿತು, ಸರಕಾರವು ಒಪ್ಪಲಿಲ್ಲ. ಒಳ್ಳೆಯ ಶಾಲೆಯ 750 ಗಂಟೆಯು ಕೆಟ್ಟ 1,500ಕ್ಕಿಂತ ಮೇಲೆಂಬ ಅವರ ವಾದದಲ್ಲಿ ಹುರುಳಿದೆ. ಆದರೆ ಶಾಲೆಯೂ ಅವರದೇ, ಪರೀಕ್ಷೆಯ ಅವಸರವೂ ಅವರದೇ, ಲಾಭವೂ ಅವರದೇ ಆದಾಗ, ಹೊರಗಿನವರ ಕಣ್ಣಿಗೆ ಕಾಣುವ ಒಂದು ಒರಟು ಅಳತೆಯನ್ನು ಬಿಟ್ಟುಕೊಡಲು ಮೃತರ ಮನೆಯವರು ಹಿಂಜರಿದುದು ನಮಗೆ ನ್ಯಾಯವಾಗಿಯೇ ತೋರುತ್ತದೆ. ಚಾಲಕರು ಸಾಲದೆ ಹೋದಾಗ ಇನ್ನೊಂದು ಸಂಗತಿಯೂ ನಡೆಯಿತು: ಸಂಬಳ ಏರಿತು. 2022ರಲ್ಲಿ ಕೆಲವು ಪ್ರಾಂತೀಯ ಕಂಪೆನಿಗಳು ಮೊದಲ ವರ್ಷದ ಸಹಚಾಲಕನಿಗೆ ಹಾರಾಟದ ಗಂಟೆಗೆ 90 ಡಾಲರ್ ಕೊಡತೊಡಗಿದವು. 2009ರಿಂದ 2025ನೆಯ ಜನವರಿಯವರೆಗೆ ಆ ದೇಶದ ಪ್ರಯಾಣಿಕ ಕಂಪೆನಿಗಳ ವಿಮಾನವು ಬಿದ್ದು ಬಹುಮಂದಿ ಸತ್ತದ್ದಿಲ್ಲ. 2025ರಲ್ಲಿ ವಾಷಿಂಗ್ಟನ್ನಿನ ಬಳಿ 67 ಮಂದಿಯನ್ನು ಬಲಿತೆಗೆದುಕೊಂಡದ್ದು ಸೈನ್ಯದ ಹೆಲಿಕಾಪ್ಟರೊಡನೆ ಆದ ಡಿಕ್ಕಿ. ಅದರ ಬಗೆ ಬೇರೆ.

ನಮ್ಮ ದೇಶದಲ್ಲಿ ವಾಣಿಜ್ಯ ಚಾಲಕನ ಲೈಸೆನ್ಸಿಗೆ 200 ಗಂಟೆಯ ಹಾರಾಟ ಬೇಕು; ಆಮೇಲೆ ಆಯಾ ವಿಮಾನದ ತರಬೇತಿ ಪಡೆದು ಸಹಚಾಲಕನಾಗಬಹುದು. ಯೂರೋಪಿನಲ್ಲಿಯೂ ಹೆಚ್ಚುಕಡಮೆ ಇದೇ ಪದ್ಧತಿ. ಆದುದರಿಂದ 200 ಎಂಬ ಸಂಖ್ಯೆಯನ್ನು ಕಂಡೇ ಹೆದರಬೇಕಾಗಿಲ್ಲ. ಗಂಟೆ ಕಡಿಮೆಯಾದಷ್ಟೂ ಕಲಿಸುವವರ ಮೇಲೆ ಭಾರ ಹೆಚ್ಚೆಂದು ತಿಳಿದರೆ ಸಾಕು. 2011ರಲ್ಲಿ ಸುಳ್ಳು ಅಂಕಪಟ್ಟಿ ಕೊಟ್ಟು ಲೈಸೆನ್ಸು ಪಡೆದಿದ್ದರೆಂಬ ಆರೋಪದ ಮೇಲೆ ನಮ್ಮಲ್ಲಿಯೂ ಕೆಲವು ಚಾಲಕರು ಸೆರೆಯಾದರು. ಕಲಬುರಗಿಗೆ 2019ರಲ್ಲಿ, ಶಿವಮೊಗ್ಗಕ್ಕೆ 2023ರಲ್ಲಿ ವಿಮಾನ ಬಂದಿತು. ಅದನ್ನು ಕಂಡ ಹುಡುಗ ಹುಡುಗಿಯರು ತಾವೂ ಚಾಲಕರಾಗಬೇಕೆಂದು ಹಟ ಹಿಡಿದರೆ ಆಶ್ಚರ್ಯವಿಲ್ಲ. ಹತ್ತಾರು ಲಕ್ಷ ರೂಪಾಯಿ ಸಾಲ ಮಾಡಿ ಮಕ್ಕಳನ್ನು ಹಾರಾಟದ ಶಾಲೆಗೆ ಸೇರಿಸಹೊರಟ ತಂದೆತಾಯಿಯರು, ಎಷ್ಟು ತಿಂಗಳಲ್ಲಿ 200 ಗಂಟೆ ಮುಗಿಯುತ್ತದೆಂದು ಮಾತ್ರ ಕೇಳಿ ಹಿಂದಿರುಗಬಾರದು. ಒಬ್ಬ ಶಿಕ್ಷಕರಿಗೆ ಎಷ್ಟು ಮಂದಿ ವಿದ್ಯಾರ್ಥಿಗಳು, ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ಹಿಂದುಳಿದ ವಿದ್ಯಾರ್ಥಿಗೆ ಏನು ಮಾಡುತ್ತೀರಿ ಎಂದೂ ಕೇಳಲಿ. ನಮ್ಮಲ್ಲಿ ಯಾರೂ ನಪಾಸಾಗುವುದೇ ಇಲ್ಲ ಎನ್ನುವ ಶಾಲೆಯಿದ್ದರೆ ಅಲ್ಲಿಂದ ಎದ್ದು ಬರುವುದು ಲೇಸು.

ಮಕ್ಕಳನ್ನೂ ಮೊಮ್ಮಕ್ಕಳನ್ನೂ ನೋಡಲು ಅಮೆರಿಕಕ್ಕೆ ಹೋಗುವ ವಾಚಕರಿಗೆ ಇನ್ನೊಂದು ಉಪಯುಕ್ತ ಸಂಗತಿಯನ್ನು ತಿಳಿಸಬೇಕು. ದೊಡ್ಡ ನಗರದಲ್ಲಿ ಇಳಿದು ಮಗಳ ಸಣ್ಣ ಊರಿಗೆ ಹತ್ತುವ ಎರಡನೆಯ ವಿಮಾನವು ಅನೇಕ ವೇಳೆ ಪ್ರಾಂತೀಯ ಕಂಪೆನಿಯದಾಗಿರುತ್ತದೆ. ನಿಜವಾಗಿ ನಡೆಸುವವರ ಹೆಸರನ್ನು ಟಿಕೆಟು ಮಾರುವಾಗಲೇ ಕಾಣುವಂತೆ ತಿಳಿಸಬೇಕೆಂದು ಅದೇ 2010ರ ಶಾಸನವು ವಿಧಿಸಿದೆ. ವಿಮಾನದ ಸಂಖ್ಯೆಯ ಬಳಿ ಸಣ್ಣ ಅಕ್ಷರದಲ್ಲಿರುವ ಆ ಸಾಲು ಬಫಲೋ ವಿಮಾನದಲ್ಲಿ ಹೋದವರ ಮನೆಯವರು ಹೋರಾಡಿ ಬರೆಸಿದ್ದು.