ಅವಳ ಸರದಿ

ಶನಿವಾರ ರಾತ್ರಿ ಊಟವಾದ ಮೇಲೆ ಬಸವೇಶ್ವರನಗರದ ನಮ್ಮ ಮನೆಯ ಹಾಲಿನಲ್ಲಿ ಯುದ್ಧ ಶುರುವಾಗುತ್ತದೆ. ತಂಗಿಯ ಮಗಳು ಲ್ಯಾಪ್‌ಟಾಪ್ ತೆರೆದು ಕೂರುತ್ತಾಳೆ. ಕೆಂಗೇರಿಯಿಂದ ಇಬ್ಬರು, ಮೈಸೂರಿನಿಂದ ಒಬ್ಬ, ಪುಣೆಯಿಂದ ಒಬ್ಬ ಬಂದು ಸೇರುತ್ತಾರೆ. ಬರುವುದು ದನಿ ಮಾತ್ರ. ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರ ವಹಿಸಿ ‘ನಾನು ಹೀಗೆ ಮಾಡುತ್ತೇನೆ’ ಎನ್ನುತ್ತಾರೆ. ಅದು ಫಲಿಸಿತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ. ತಾಳಮದ್ದಳೆಗೆ ದಾಳ ಸೇರಿಸಿದಂತೆ ಎಂದುಕೊಳ್ಳಿ. ಆಟದ ಬಗ್ಗೆ ನನ್ನ ತಕರಾರಿಲ್ಲ. ನನ್ನ ಜಗಳವೆಲ್ಲ ಅವರ ಅವಸರದ ಮೇಲೆ.

ಒಂದು ರಾತ್ರಿ ನನ್ನ ಎದುರಿಗೇ ನಡೆದದ್ದು. ಸುರಂಗದ ಬಾಗಿಲಲ್ಲಿ ಕಾವಲುಗಾರ, ಬೆನ್ನ ಹಿಂದೆ ಬೆಂಕಿ, ನಮ್ಮ ಹುಡುಗಿಯ ಸರದಿ. ಅವಳು ತುಟಿ ಕಚ್ಚಿಕೊಂಡು ನಕ್ಷೆಯ ಮೇಲೆ ಕಣ್ಣಾಡಿಸುತ್ತಿದ್ದಾಳೆ. ಅದು ನನಗೆ ಕಾಣುತ್ತದೆ, ಆ ನಾಲ್ವರಿಗೆ ಕಾಣುವುದಿಲ್ಲ. ಹತ್ತು ಸೆಕೆಂಡೂ ಆಗಿರಲಿಕ್ಕಿಲ್ಲ. “ನೆಟ್‌ವರ್ಕ್ ಹೋಯ್ತಾ?” ಎಂದ ಒಬ್ಬ. “ಅವಳು ಬಾಣ ಬಿಡ್ತಾಳೆ ಅಂತ ಬರ್ಕೊಳೋ, ಮುಂದೆ ಹೋಗೋಣ” ಎಂದ ಇನ್ನೊಬ್ಬ. ದಾಳ ಉರುಳಿತು, ಬಾಣ ಗುರಿ ತಪ್ಪಿತು. ಅವಳಿಗೆ ಆ ಕಾವಲುಗಾರನ ಜೊತೆ ಮಾತಾಡಬೇಕಿತ್ತಂತೆ.

“ಹೇಳಬಾರದಿತ್ತೇನೇ?” ಎಂದೆ.

“ಬಿಡಿ ದೊಡ್ಡಮ್ಮ, ನನ್ನಿಂದ ಎಲ್ಲರಿಗೂ ತಡ ಆಗತ್ತೆ.”

ಈ ಮಾತನ್ನು ನಾವು ಎಷ್ಟು ಸಲ ಆಡಿಲ್ಲ! ಸೈಟು ಕೊಳ್ಳುವಾಗ, ಮಗಳಿಗೆ ಗಂಡು ನೋಡುವಾಗ, ಕೊನೆಗೆ ಹೋಟೆಲಿನಲ್ಲಿ ತಿಂಡಿ ಹೇಳುವಾಗಲೂ. ಹತ್ತೊಂಬತ್ತು ವರ್ಷದ ಹುಡುಗಿಯ ಬಾಯಲ್ಲಿ ಕೇಳಿ ನನಗೆ ನಿದ್ದೆ ಬರಲಿಲ್ಲ.

ನಿಧಾನವಾದರೆ ಆಟ ಸಪ್ಪೆಯಾಗುತ್ತದೆ, ಒಬ್ಬೊಬ್ಬರಿಗೆ ಒಂದೇ ನಿಮಿಷ ಎಂದು ಗಡಿಯಾರ ಇಡಬೇಕು ಎನ್ನುತ್ತಾರೆ ಆ ಹುಡುಗರು. ಅವರ ಕಷ್ಟವೂ ಸುಳ್ಳಲ್ಲ. ಕಾಳಗದ ಒಂದು ಸುತ್ತು ಕಥೆಯೊಳಗೆ ಸುಮಾರು 6 ಸೆಕೆಂಡು. ನಮ್ಮ ಹಾಲಿನಲ್ಲಿ ಅದು ಇಪ್ಪತ್ತು ನಿಮಿಷ. ತನ್ನ ಸರದಿ ಬಂದ ಮೇಲೇ ಯೋಚನೆ ಶುರು ಮಾಡುವ ಮಹಾನುಭಾವರೂ ಇದ್ದಾರೆ. ಆದರೆ ಹೊತ್ತು ತಿಂದವರು ಯಾರು? ಮುಂದಿನ ಶನಿವಾರ ಗೋಡೆ ಗಡಿಯಾರ ನೋಡುತ್ತಲೇ ಕೂತೆ. ‘ಬೇಗ ಬೇಗ’ ಎನ್ನುವವನೇ ಒಂದು ನಿಯಮದ ಮೇಲೆ ಏಳು ನಿಮಿಷ ವಾದ ಮಾಡಿದ. ಅದನ್ನು ಯಾರೂ ತಡ ಎನ್ನಲಿಲ್ಲ. ಮಾತಾಡಿ ಕಳೆದ ಹೊತ್ತು ಲೆಕ್ಕಕ್ಕಿಲ್ಲ, ಸುಮ್ಮನಿದ್ದ ಹೊತ್ತಿಗೆ ಮಾತ್ರ ಲೆಕ್ಕ!

ನಮ್ಮಜ್ಜಿಯ ಜಗಲಿಯ ಮೇಲೆ ಚೌಕಾಬಾರ ಆಡುತ್ತಿದ್ದೆವು. ಇಪ್ಪತ್ತೈದು ಮನೆ, ನಾಲ್ಕು ಕವಡೆ, ಬಳೆಚೂರು ಹುಣಿಸೆಬೀಜಗಳೇ ಕಾಯಿ. ಕವಡೆ ಬಿದ್ದ ಮೇಲೆ ಯಾವ ಕಾಯಿ ನಡೆಸಲಿ, ಹೊಡೆಯಲೋ ಹಣ್ಣು ಮಾಡಲೋ ಎಂದು ಕೈ ಮಣೆಯ ಮೇಲೆ ತೂಗಾಡುತ್ತಿತ್ತು. ಸುತ್ತಲಿದ್ದವರೆಲ್ಲ ಬುದ್ಧಿ ಹೇಳುತ್ತಿದ್ದರು. ಆದರೆ ಇನ್ನೊಬ್ಬರ ಕಾಯಿ ಮುಟ್ಟಿದರೆ ಅಜ್ಜಿ ಕೈಮೇಲೆ ಫಟ್ಟನೆ ಕೊಡುತ್ತಿದ್ದರು. ತೂಗಾಡುವ ಆ ಕೈ ಇಂದಿನ ಆಟದಲ್ಲಿ ಕಾಣುವುದಿಲ್ಲ, ಹಾಗಾಗಿ ಯೋಚನೆ ಎಂಬುದು ನೆಟ್‌ವರ್ಕ್ ಕೆಟ್ಟಂತೆ ಕೇಳುತ್ತದೆ.

ಹುಡುಗರನ್ನೇ ಬೈದು ಏನು ಮಾಡಲಿ? ಅಮೆರಿಕದ ಮೇರಿ ಬಡ್ ರೋ ಎಂಬಾಕೆ 1970ರ ದಶಕದಲ್ಲೇ ತರಗತಿಗಳನ್ನು ಗಮನಿಸಿ ಬರೆದಿದ್ದಾರೆ: ಪ್ರಶ್ನೆ ಕೇಳಿದ ಮೇಲೆ ಟೀಚರು ಕಾಯುವುದು ಸುಮಾರು 1 ಸೆಕೆಂಡು. ಅದನ್ನು 3 ಸೆಕೆಂಡು ಮಾಡಿದರೆ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದ ಮಕ್ಕಳೂ ಮಾತಾಡುತ್ತಾರೆ. ನಾನು ವರ್ಷಾನುಗಟ್ಟಲೆ ಮೊದಲು ಎದ್ದ ಕೈಗೇ ಉತ್ತರ ಕೇಳಿದವಳು. ಹಿಂದಿನ ಬೆಂಚಿನ ಎಷ್ಟು ಹುಡುಗಿಯರ ಬಾಣ ನಾನೇ ಬಿಟ್ಟಿದ್ದೇನೋ.

ಗಡಿಯಾರ ಇಡಲೇಬೇಕೆಂದರೆ ಇಡಲಿ. ಆದರೆ ಮೊದಲು ಕಥೆ ನಡೆಸುವವ ‘ಈಗ ಇವಳು, ಆಮೇಲೆ ನೀನು’ ಎಂದು ಕೂಗಲಿ. ಮುಂದಿನವನು ಅಷ್ಟರಲ್ಲಿ ಯೋಚಿಸಿಕೊಳ್ಳುತ್ತಾನೆ. ಬಾಗಿಲು ಎಷ್ಟು ದೂರ, ಬೆಂಕಿ ಎಷ್ಟು ಹತ್ತಿರ ಎಂಬುದನ್ನು ಬಿಡಿಸಿ ಹೇಳಲಿ. ಹೊತ್ತು ಮೀರಿದರೆ ಏಟು ತಪ್ಪಿಸಿಕೊಂಡು ನಿಲ್ಲುವ ನಡೆ ಆ ಆಟದ ನಿಯಮದಲ್ಲೇ ಇದೆ, ಅದನ್ನು ಬರೆದುಕೊಳ್ಳಲಿ. ಅವಳ ಬಾಣ ಮಾತ್ರ ಅವಳ ಕೈಯಲ್ಲಿರಲಿ.

ಇಷ್ಟನ್ನೂ ಅವಳಿಗೆ ಹೇಳಿದೆ, ಅವಳು ಗುಂಪಿಗೆ ಹೇಳಿದಳು. “ನಿಮ್ಮ ದೊಡ್ಡಮ್ಮ ಎಲ್ಲಾ ಕೇಳಿಸ್ಕೋತಾರಾ?” ಎಂದು ಗಾಬರಿಯಾದರಂತೆ. ಅಂದಿನಿಂದ ಇಯರ್‌ಫೋನ್ ಬಂದಿದೆ. ಆದರೂ ಅವಳ ಕಡೆಯ ಮಾತು ಕೇಳುತ್ತದಲ್ಲ. ಮೊನ್ನೆ ನಾನು ಹಾಲಿಗಿಟ್ಟು ನಿಂತಿದ್ದಾಗ “ಇರ್ರೋ, ಯೋಚಿಸ್ತಿದೀನಿ” ಎಂದಳು. ಹಾಲು ಉಕ್ಕಿತು. ಒಲೆ ಆರಿಸಿ, ಕಟ್ಟೆ ಒರೆಸಿ ಬಂದು ನೋಡಿದರೆ, ಇನ್ನೂ ಯೋಚಿಸುತ್ತಲೇ ಇದ್ದಳು.