ಸಿನೆಮಾ ಕಲಿಯುವುದೆಂದರೆ ಕೆಟ್ಟುಹೋಗುವುದಲ್ಲ

ಕಳೆದ ಶೀಗಿ ಹುಣ್ಣಿಮೆಯ ದಿನ ಚರಗ ಚೆಲ್ಲಲು ಬಂಧುಗಳೆಲ್ಲ ಹೊಲಕ್ಕೆ ಹೋಗಿದ್ದೆವು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳ ನಡುವೆ ಒಂದು ಸುದ್ದಿಯೂ ಬಡಿಸಲ್ಪಟ್ಟಿತು. ಬಿ.ಎಸ್ಸಿ. ಮುಗಿಸಿದ ನನ್ನ ಸೋದರಳಿಯನ ಮಗಳು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರವೇಶ ಪರೀಕ್ಷೆ ಬರೆಯಬೇಕೆಂದು ಹಟ ಹಿಡಿದಿದ್ದಾಳೆ ಎಂಬುದೇ ಆ ಸುದ್ದಿ. ಹಿರಿಯರೊಬ್ಬರು ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟು, “ಪುಣೇಕ ಹೋಗಿ ಸಿನೆಮಾ ಕಲಿತಾಳಂತ! ಏನ್ ಕಲಿಯೂದೈತಿ ಅದ್ರಾಗ, ಕುಣಿಯೂದನ?” ಎಂದರು. ಎಲ್ಲರೂ ನಕ್ಕರು. ಹುಡುಗಿ ತಲೆ ತಗ್ಗಿಸಿಯೇ, “ಕುಣಿಯಾಕಲ್ರಿ ಅಜ್ಜಾ, ಶಬ್ದ ಕಲಿಯಾಕ” ಎಂದಳು. ಅದಕ್ಕೆ ನಗು ಇನ್ನೂ ಹೆಚ್ಚಾಯಿತು.

ನಾನು ನಗಲಿಲ್ಲ. ಆದರೆ ಅಲ್ಲಿ ಏನನ್ನೂ ಹೇಳಲೂ ಇಲ್ಲ. ಹಬ್ಬದ ದಿನ ವಾದ ಬೇಡವೆಂದು ಸುಮ್ಮನಿದ್ದೆ. ಆ ಮೌನಕ್ಕೆ ಪ್ರಾಯಶ್ಚಿತ್ತವಾಗಿ ಈ ಬರಹ. ಅಂದು ನಕ್ಕವರೂ ಇದನ್ನು ಓದುತ್ತಾರೆಂದು ಬಲ್ಲೆ, ಅವರಿಗಾಗಿಯೇ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. 1993ರಲ್ಲಿ ನನ್ನ ತರಗತಿಯ ಹುಡುಗನೊಬ್ಬ ಚಪ್ಪಲಿಯ ರಟ್ಟಿನ ಡಬ್ಬಿಯಿಂದ ಸೂಜಿರಂಧ್ರ ಕ್ಯಾಮೆರಾ ಮಾಡಿಕೊಂಡು ಬಂದಿದ್ದ. ಎಣ್ಣೆ ಸವರಿದ ಕಾಗದದ ಮೇಲೆ ಶಾಲೆಯ ಮುಂದಿನ ಬನ್ನಿಯ ಗಿಡ ತಲೆಕೆಳಗಾಗಿ ಮೂಡಿತ್ತು. ಪುಸ್ತಕದಲ್ಲಿದ್ದ ಪ್ರಯೋಗವೇ ಅದು, ಆದರೆ ಅವನು ಕಾಗದವನ್ನು ಹಿಂದೆ ಮುಂದೆ ಸರಿಸಿ, ಗಿಡ ದೊಡ್ಡದಾದಾಗ ಮಂಕಾಗುತ್ತದೆ, ಸಣ್ಣದಾದಾಗ ಹೊಳೆಯುತ್ತದೆ ಎಂಬುದನ್ನು ತಾನೇ ಕಂಡುಕೊಂಡಿದ್ದ. ನಾನದನ್ನು ಹೇಳಿಕೊಟ್ಟಿರಲಿಲ್ಲ. ತರಗತಿ ಬಿಟ್ಟ ಮೇಲೆ ಹಿಂದೆಯೇ ಬಂದು, “ಸರ್, ಸಿನೆಮಾದ ಕ್ಯಾಮೆರಾ ಹಿಡಿಯೂದು ಕಲಿಸೋ ಸಾಲಿ ಇರತಾವೇನ್ರಿ?” ಎಂದು ಕೇಳಿದ. “ಅಂಥಾ ಸಾಲಿ ಎಲ್ಲೂ ಇಲ್ಲಪಾ. ಮದಲ ಗಣಿತದಾಗ ಪಾಸಾಗು” ಎಂದುಬಿಟ್ಟೆ.

ನಾನು ಹಾಗೆಂದಾಗ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಆರಂಭವಾಗಿ ಸುಮಾರು 50 ವರ್ಷಗಳಾಗಿದ್ದವು. ಮೈಸೂರಿನ ವಿ.ಕೆ. ಮೂರ್ತಿಯವರು 1946ರಲ್ಲಿ ಅಲ್ಲಿಂದಲೇ ಡಿಪ್ಲೊಮಾ ಪಡೆದು ಮುಂಬಯಿಗೆ ಹೋದವರು. ಗುರುದತ್ತರ ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ ಚಿತ್ರಗಳಿಗೆ ಕ್ಯಾಮೆರಾ ಹಿಡಿದವರು ಅವರೇ. 1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಅದರಲ್ಲಿ ಕತ್ತಲೆಯ ಸ್ಟುಡಿಯೋದೊಳಕ್ಕೆ ಬಿಸಿಲಿನ ಕಂಬವೊಂದು ಇಳಿದಂತೆ ಕಾಣುವ ದೃಶ್ಯ ಇಂದಿಗೂ ಹೆಸರುವಾಸಿ. ಮೂರ್ತಿಯವರು ಅದನ್ನು ಸಾಧಿಸಿದ್ದು ಕನ್ನಡಿಗಳಿಂದ: ಹೊರಗಿನ ಬಿಸಿಲನ್ನು ಒಂದು ಕನ್ನಡಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಒಳಕ್ಕೆ ತಿರುಗಿಸಿದರು. ಪತನ ಕೋನ, ಪ್ರತಿಫಲನ ಕೋನ ಸಮ ಎಂದು ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಗೆರೆ ಎಳೆದವನು ನಾನು. ಆ ಗೆರೆಯಿಂದ ಒಬ್ಬ ಮನುಷ್ಯ ಅಂಥದ್ದೊಂದು ಬೆಳಕನ್ನು ಕಟ್ಟಬಹುದೆಂದು ಒಬ್ಬ ವಿದ್ಯಾರ್ಥಿಗೂ ನಾನು ಹೇಳಲಿಲ್ಲ, ಏಕೆಂದರೆ ನನಗೇ ಗೊತ್ತಿರಲಿಲ್ಲ. ಮೂರ್ತಿಯವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದಾಗ ಪತ್ರಿಕೆಯಲ್ಲಿ ಓದಿ ತಿಳಿದೆ. ಅದೇ ಪಾಲಿಟೆಕ್ನಿಕ್‌ನಲ್ಲಿ 1962ರಲ್ಲಿ ಕಲಿತು ಹೊರಬಂದ ಗೋವಿಂದ ನಿಹಲಾನಿಯವರು ಗಿರೀಶ ಕಾರ್ನಾಡರ ‘ಕಾಡು’ ಚಿತ್ರಕ್ಕೆ ಛಾಯಾಗ್ರಾಹಕರಾಗಿದ್ದರು ಎಂಬುದನ್ನೂ ಆ ಮೇಲೆಯೇ ತಿಳಿದುಕೊಂಡೆ. ಧಾರವಾಡದ ಕಾರ್ನಾಡರ ಬಗ್ಗೆ ನಾವು ಎಷ್ಟೆಲ್ಲ ಅಭಿಮಾನದಿಂದ ಮಾತನಾಡುತ್ತೇವೆ! ಆದರೆ ಅವರು 1974–75ರಲ್ಲಿ ಪುಣೆಯ ಇದೇ ಸಂಸ್ಥೆಯ ನಿರ್ದೇಶಕರಾಗಿದ್ದರೆಂಬುದು ಹೊಲದಲ್ಲಿ ನಕ್ಕವರಲ್ಲಿ ಎಷ್ಟು ಜನರಿಗೆ ಗೊತ್ತು?

ಆ ಹುಡುಗ ಏನಾದ ಎಂದು ಕೇಳುವಿರಿ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟು ಬೆಂಗಳೂರಿಗೆ ಹೋದ. ಬಸ್ ನಿಲ್ದಾಣದ ಗೋಡೆಯ ಮೇಲೆ ನಟನೆ, ನಿರ್ದೇಶನ, ಕ್ಯಾಮೆರಾ ಮೂರನ್ನೂ ಮೂರು ತಿಂಗಳಲ್ಲಿ ಕಲಿಸುವುದಾಗಿ ಬರೆದ ಕಾಗದವೊಂದನ್ನು ಕಂಡ. ಆ ವರ್ಷದ ಮೆಣಸಿನಕಾಯಿಯ ದುಡ್ಡೆಲ್ಲ ಅಲ್ಲಿಗೆ ಹೋಯಿತು, ಸಾಲದ್ದಕ್ಕೆ ಒಂದು ಜೋಡಿ ಎತ್ತೂ ಹೋದವು. ಅಲ್ಲಿ ಇದ್ದದ್ದು ಎರಡು ಕೋಣೆ ಮತ್ತು ಕೆಟ್ಟು ನಿಂತ ಒಂದು ಕ್ಯಾಮೆರಾ. ಕೊನೆಯಲ್ಲಿ ಬಂಗಾರದ ಬಣ್ಣದ ಅಕ್ಷರಗಳ ಪ್ರಮಾಣಪತ್ರ ಕೊಟ್ಟರಂತೆ. ಈಗ ಮದುವೆಗಳ ವಿಡಿಯೋ ಮಾಡುತ್ತಾನೆ. ಹುಬ್ಬಳ್ಳಿಯ ಕಲ್ಯಾಣಮಂಟಪವೊಂದರಲ್ಲಿ ಸಿಕ್ಕಾಗ ಕಾಲು ಮುಟ್ಟಿ ನಮಸ್ಕರಿಸಿದ. ನನ್ನ ಮೇಲೆ ಅವನಿಗೆ ಸಿಟ್ಟಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ನನ್ನ ತಕರಾರು ಇಷ್ಟೇ. ಸಿನೆಮಾ ಒಂದು ವಿದ್ಯೆಯೆಂದು ನಾವು ಒಪ್ಪುವುದಿಲ್ಲ. ಅದು ಅದೃಷ್ಟ, ಇಲ್ಲವೇ ಹುಚ್ಚು ಎಂದುಕೊಂಡಿದ್ದೇವೆ. ಆದ್ದರಿಂದ ಅದನ್ನು ನಿಜವಾಗಿ ಕಲಿಸುವ ಸಂಸ್ಥೆಗಳ ಬಾಗಿಲನ್ನು ಮಕ್ಕಳಿಗೆ ತೋರಿಸುವುದಿಲ್ಲ. ಹುಚ್ಚು ಬಿಡದ ಮಕ್ಕಳು ಅದೃಷ್ಟವನ್ನು ಮಾರುವ ಅಂಗಡಿಗಳಿಗೆ ಹೋಗಿ ಬೀಳುತ್ತಾರೆ. ಆ ಮೇಲೆ, “ನೋಡ್ರಿ, ನಾವು ಹೇಳಿರಲಿಲ್ಲೇನು?” ಎನ್ನುತ್ತೇವೆ.

ಹೊಟ್ಟೆಪಾಡಿನ ಪ್ರಶ್ನೆ ಸುಳ್ಳಲ್ಲ. ಆ ಕ್ಷೇತ್ರದಲ್ಲಿ ತಿಂಗಳ ಸಂಬಳವಿಲ್ಲ, ಪಿಂಚಣಿಯಿಲ್ಲ, ಒಂದು ಚಿತ್ರ ಮುಗಿದರೆ ಮುಂದಿನದು ಯಾವಾಗಲೋ. ಪಿಂಚಣಿಯ ಮೇಲೆ ಬದುಕುತ್ತಿರುವ ನಾನು ಅದನ್ನು ಹಗುರಾಗಿ ಹೇಳಲಾರೆ. ಆದರೆ ಲಕ್ಷಾಂತರ ರೂಪಾಯಿ ಸುರಿದು ಇಂಜಿನಿಯರಿಂಗ್ ಸೀಟು ಕೊಳ್ಳುವಾಗ ಈ ಪ್ರಶ್ನೆ ಎಲ್ಲಿ ಹೋಗಿರುತ್ತದೆ? ಸಿವಿಲ್ ಓದಿ ಸಿವಿಲ್ ಮಾಡದವರು, ಮೆಕ್ಯಾನಿಕಲ್ ಓದಿ ಬ್ಯಾಂಕಿನಲ್ಲಿ ಕುಳಿತವರು ನಮ್ಮ ಮನೆಗಳಲ್ಲೇ ಇದ್ದಾರೆ. ಅವರನ್ನು ಯಾರೂ ಕೆಟ್ಟರೆನ್ನಲಿಲ್ಲ, ಅನ್ನಬಾರದು ಕೂಡ.

“ದೊಡ್ಡವರೆಲ್ಲ ಸಾಲಿ ಕಲಿತೇ ದೊಡ್ಡವರಾದರೇನು?” ಎಂಬುದು ಇನ್ನೊಂದು ಮಾತು. ಪುಟ್ಟಣ್ಣ ಕಣಗಾಲರು ಯಾವ ಇನ್‌ಸ್ಟಿಟ್ಯೂಟಿಗೂ ಹೋಗಿರಲಿಲ್ಲ, ನಿಜ. ಆದರೆ ಬಿ.ಆರ್. ಪಂತುಲು ಅವರ ಕೈಕೆಳಗೆ ಸಹಾಯಕರಾಗಿ ದುಡಿದು ಕಲಿತರು. ಗುರು ಅಲ್ಲಿಯೂ ಇದ್ದನು. ಅಷ್ಟು ದೂರ ಯಾಕೆ, ನಮ್ಮ ಕುಂದಗೋಳವನ್ನೇ ನೋಡಿರಿ. ಶಾಲಾ ಶಿಕ್ಷಕರ ಮಗ ಭೀಮಸೇನ ಜೋಶಿ ಹಾಡಿನ ಗುರುವನ್ನು ಹುಡುಕಿಕೊಂಡು 1933ರಲ್ಲಿ ಗದುಗಿನ ಮನೆ ಬಿಟ್ಟು ಓಡಿಹೋದಾಗ ಅವರಿಗಿನ್ನೂ ಹನ್ನೊಂದು ವರ್ಷ. ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆಯಲ್ಲಿ ನೀರು ಹೊತ್ತು ಕಲಿತರು. ಇಂದು ಅದೇ ಕುಂದಗೋಳದ ಸಂಗೀತೋತ್ಸವದಲ್ಲಿ ಇಡೀ ರಾತ್ರಿ ಕುಳಿತು ತಲೆದೂಗುವವರೇ ಸೋದರಳಿಯನ ಮಗಳನ್ನು ನೋಡಿ ನಕ್ಕಿದ್ದು! ಗುಡಗೇರಿ ಬಸವರಾಜರ ನಾಟಕ ಕಂಪನಿಯಿಂದ ಹೆಸರಾದ ಊರಿನವರು ನಾವು. ಬಣ್ಣದ ಬದುಕನ್ನು ಕಂಡು ಹೀಗೆಲ್ಲ ಬೆಚ್ಚಿಬೀಳುವುದು ನಮಗೆ ಶೋಭಿಸುವುದಿಲ್ಲ.

ಪುಣೆಯ ಸಂಸ್ಥೆ ಗೋಡೆಯ ಕಾಗದದ ಅಂಗಡಿಯಲ್ಲ. 1960ರಲ್ಲಿ ಹಳೆಯ ಪ್ರಭಾತ್ ಸ್ಟುಡಿಯೋದ ಜಾಗದಲ್ಲಿ ಕೇಂದ್ರ ಸರ್ಕಾರ ಕಟ್ಟಿದ್ದು. ಅಲ್ಲಿ ಕಲಿತ ತೀರ್ಥಹಳ್ಳಿಯ ಕಡೆಯ ಗಿರೀಶ ಕಾಸರವಳ್ಳಿಯವರು ಮೊದಲು ಔಷಧ ವಿಜ್ಞಾನ ಓದಿದ್ದರು. 1977ರ ‘ಘಟಶ್ರಾದ್ಧ’ಕ್ಕೆ ಸ್ವರ್ಣಕಮಲ ಬಂದಾಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಮೊನ್ನೆ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆದದ್ದು ಕೂಡ ಕನ್ನಡದ ಚಿತ್ರ: ಹುಂಜವನ್ನು ಕದ್ದ ಮುದುಕಿಯ ಜಾನಪದ ಕಥೆಯನ್ನು ಚಿದಾನಂದ ನಾಯ್ಕ ಅವರು ಪುಣೆಯ ಒಂದು ವರ್ಷದ ಕೋರ್ಸಿನ ಕೊನೆಗೆ, ನಾಲ್ಕೇ ದಿನಗಳಲ್ಲಿ ಚಿತ್ರೀಕರಿಸಿದ್ದರು. ಅವರು ವೈದ್ಯಕೀಯ ಪದವೀಧರರು. “ಡಾಕ್ಟರ್ ಓದಿ ಸಿನೆಮಾಕ್ಕ ಹೋದನೇನು?” ಎಂದು ಅವರ ಬಳಗದಲ್ಲಿಯೂ ಯಾರಾದರೂ ಕೇಳಿರಬಹುದು. ಅದೇ ವರ್ಷ ಅದೇ ಉತ್ಸವದಲ್ಲಿ ಗ್ರ್ಯಾಂಡ್ ಪ್ರಿ ಪಡೆದ ಪಾಯಲ್ ಕಪಾಡಿಯಾ ಪುಣೆಯಲ್ಲೇ ಕಲಿತ ಹೆಣ್ಣುಮಗಳು.

ಇನ್ನು ಶಬ್ದದ ವಿಷಯ. ಕೇರಳದ ಹಳ್ಳಿಯೊಂದರ ರಸೂಲ್ ಪೂಕುಟ್ಟಿ ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ, ಪುಣೆಯಲ್ಲಿ ಶಬ್ದವನ್ನೇ ಕಲಿತು, 2009ರಲ್ಲಿ ಆಸ್ಕರ್ ತಂದರು. ಆ ಕೋರ್ಸಿಗೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಓದಿರಬೇಕೆಂಬ ನಿಯಮವೂ ಇದೆ. ಸುಮ್ಮನೆ ಇಟ್ಟ ನಿಯಮವಲ್ಲ. ಗೋಡೆಗೆ ಬಡಿದ ದನಿ ಎಷ್ಟು ಮರಳುತ್ತದೆ, ಎಷ್ಟು ಇಂಗುತ್ತದೆ ಎಂಬುದು ತಿಳಿಯದೆ ಶಬ್ದವನ್ನು ಹಿಡಿಯಲಾಗದು. ಎಲ್ಲರಿಗೂ ಆಸ್ಕರ್ ಬರುತ್ತದೆಂದು ನಾನೆಲ್ಲಿ ಹೇಳಿದೆ? ಚಿತ್ರದ ಕೊನೆಗೆ ಸಾಲುಸಾಲಾಗಿ ಹೆಸರುಗಳು ಏರಿಹೋಗುತ್ತವಲ್ಲ, ನಾವು ಎದ್ದು ಚಪ್ಪಲಿ ಹುಡುಕುವ ಹೊತ್ತಿಗೆ? ಅವರೆಲ್ಲ ದುಡಿದು ಉಣ್ಣುವವರೇ.

ಸರ್ಕಾರಕ್ಕೂ ಒಂದು ಮಾತು. ಆ ಹಳೆಯ ಪಾಲಿಟೆಕ್ನಿಕ್ ಕೋರ್ಸು ಬೆಳೆದು ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಾಗಿದೆ. ನಮ್ಮಲ್ಲಿಂದ ಸುಮಾರು 400 ಕಿ.ಮೀ. ದೂರ, ಪುಣೆಯಷ್ಟೇ. ಅದರ ಹೆಸರನ್ನು ನಮ್ಮ ಕಡೆಯ ಪ್ರೌಢಶಾಲೆಗಳ ಸೂಚನಾ ಫಲಕದಲ್ಲಿ ನಾನು ನೌಕರಿಯಲ್ಲಿದ್ದ ಅಷ್ಟೂ ಕಾಲದಲ್ಲಿ ಒಮ್ಮೆಯೂ ಕಾಣಲಿಲ್ಲ. ಈಗ ಶಿಕ್ಷಕರಾಗಿರುವ ನನ್ನ ವಿದ್ಯಾರ್ಥಿಗಳೇ, ಕನಿಷ್ಠ ಒಂದು ಕಾಗದವನ್ನಾದರೂ ಅಂಟಿಸಿರಿ.

ಸೋದರಳಿಯನಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದ್ದೇನೆ. ಪರೀಕ್ಷೆಯ ಶುಲ್ಕವನ್ನು ನಾನೇ ಕಟ್ಟುತ್ತೇನೆ, ಪರೀಕ್ಷೆಗೆ ಎಲ್ಲಿಗೆ ಹೋಗಬೇಕಾದರೂ ಜೊತೆಗೆ ಹೋಗುತ್ತೇನೆ ಎಂದೂ ಹೇಳಿದೆ. “ವಿಚಾರ ಮಾಡಿ ಹೇಳತೇನ್ರಿ ಮಾಮಾ” ಎಂದು ಫೋನಿಟ್ಟ. ಎಂಟು ದಿನವಾಯಿತು, ಇನ್ನೂ ವಿಚಾರ ಮಾಡುತ್ತಿದ್ದಾನೆ.