ಕಿಣ್ವಕ್ಕೆ ಚಿನ್ನದ ಒಲೆ ಬೇಕೆ?

ಮಕ್ಕಳೇ, ಮಳೆಗಾಲದಲ್ಲಿ ಖಾನಾಪುರ ತಾಲ್ಲೂಕಿನ ಕಣಕುಂಬಿ, ಜಾಂಬೋಟಿ ಕಡೆ ಹಾಲಿಗೆ ಹೆಪ್ಪು ಹಾಕಿದರೆ ಬೆಳಗಾದರೂ ಮೊಸರು ಸರಿಯಾಗಿ ಆಗುವುದಿಲ್ಲ. ಅದಕ್ಕೇ ಪಾತ್ರೆಯನ್ನು ಒಲೆಯ ಪಕ್ಕ ಇಡುತ್ತಾರೆ, ಇಲ್ಲವೇ ಬಟ್ಟೆ ಸುತ್ತಿ ಇಡುತ್ತಾರೆ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳ ಒಳಗೆ ಕೆಲಸ ಮಾಡುವುದು ಕಿಣ್ವಗಳು. ಈ ಕಿಣ್ವಗಳಿಗೆ ಹದವಾದ ಬಿಸಿ ಬೇಕು. ಥಂಡಿಯಾದರೆ ಕೆಲಸ ನಿಧಾನ, ಕುದಿಸಿದರೆ ಕೆಟ್ಟೇ ಹೋಗುತ್ತವೆ.

ಕಿಣ್ವಗಳು ನಿಮಗೆ ಹೊಸವೇನಲ್ಲ. ಅನ್ನವನ್ನು ಬಹಳ ಹೊತ್ತು ಅಗಿದರೆ ಸಿಹಿಯಾಗುವುದು ಜೊಲ್ಲಿನ ಕಿಣ್ವದಿಂದ. ಹೂವಿನ ಮಕರಂದವನ್ನು ಜೇನಾಗಿಸಲು ಜೇನ್ನೊಣ ಬಳಸುವುದೂ ಒಂದು ಕಿಣ್ವವನ್ನೇ, ಅದರ ಹೆಸರು ಇನ್ವರ್ಟೇಸ್. ಬೆಂಗಳೂರಿನ ಬಯೋಕಾನ್ ಕಂಪನಿ 1978ರಲ್ಲಿ ಶುರುವಾದಾಗ ಅದರ ಮೊದಲ ಸರಕುಗಳಲ್ಲಿ ಒಂದು ಪಪ್ಪಾಯಿಯಿಂದ ತೆಗೆದ ಪಪೇಯಿನ್ ಎಂಬ ಕಿಣ್ವ.

ಆದರೆ ಕಾರ್ಖಾನೆಯವರಿಗೆ ಒಂದು ತೊಂದರೆ ಇದೆ. ಕಿಣ್ವವನ್ನು ದ್ರವದಲ್ಲಿ ಕರಗಿಸಿದರೆ ಕೆಲಸ ಮುಗಿದ ಮೇಲೆ ಅದನ್ನು ವಾಪಸು ಪಡೆಯುವುದು ಕಷ್ಟ. ಬೆಲೆಬಾಳುವ ವಸ್ತು ಒಂದೇ ಸಲಕ್ಕೆ ಹೋಗಿಬಿಡುತ್ತದೆ. ಎಮ್ಮೆಯನ್ನು ಗೂಟಕ್ಕೆ ಕಟ್ಟುವಂತೆ ಕಿಣ್ವವನ್ನೂ ಕಟ್ಟಿಹಾಕಲು ಆಗುತ್ತದೆಯೇ? ಆಗುತ್ತದೆ. 1916ರಲ್ಲಿ ಅಮೆರಿಕದ ನೆಲ್ಸನ್ ಮತ್ತು ಗ್ರಿಫಿನ್ ಇನ್ವರ್ಟೇಸನ್ನು ಇದ್ದಿಲಿಗೆ ಅಂಟಿಸಿದರು. ಅಂಟಿದ ಮೇಲೂ ಅದು ಸಕ್ಕರೆಯನ್ನು ಒಡೆಯುತ್ತಲೇ ಇತ್ತು! ಗೂಟ ಬೇರೇನೂ ಅಲ್ಲ, ಬರೀ ಇದ್ದಿಲು. 1969ರಲ್ಲಿ ಜಪಾನಿನ ಕಂಪನಿಯೊಂದು ಇಂಥ ಕಟ್ಟಿಹಾಕಿದ ಕಿಣ್ವವನ್ನು ಮೊದಲ ಬಾರಿಗೆ ಕಾರ್ಖಾನೆಯಲ್ಲಿ ಬಳಸಿತು. ಆರೋಗ್ಯ ಕೇಂದ್ರದಲ್ಲಿ ಒಂದು ಹನಿ ರಕ್ತ ತೆಗೆದು ಸಕ್ಕರೆ ಕಾಯಿಲೆ ನೋಡುವ ಪಟ್ಟಿಯ ಮೇಲೂ ಕಟ್ಟಿಹಾಕಿದ ಕಿಣ್ವವೇ ಇರುತ್ತದೆ.

ಈಗ ಹೊಸ ಸುದ್ದಿಗೆ ಬರೋಣ. ಗೂಟವೇ ಒಲೆಯೂ ಆದರೆ ಹೇಗೆ? 2013ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದನ್ನು ಮಾಡಿ ತೋರಿಸಿದರು. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಒಂದು ಭಾಗವೇ ಒಂದು ನ್ಯಾನೊಮೀಟರ್. ಕೆಲವೇ ಹತ್ತು ನ್ಯಾನೊಮೀಟರ್ ಉದ್ದದ ಚಿನ್ನದ ಕಡ್ಡಿಗಳಿಗೆ ಅವರು ಕಿಣ್ವವನ್ನು ಅಂಟಿಸಿದರು. ಅದು ಬಿಸಿನೀರಿನ ಬುಗ್ಗೆಯಂಥ ಜಾಗದಲ್ಲಿ ಬದುಕುವ ಸೂಕ್ಷ್ಮಜೀವಿಯ ಕಿಣ್ವ, ಹಾಗಾಗಿ ಸಾಧಾರಣ ಶಾಖದಲ್ಲಿ ಅದರ ಕೆಲಸ ಮಂದ. ಕಡ್ಡಿಗಳನ್ನು ಆಲ್ಜಿನೇಟ್ ಎಂಬ, ಕಡಲಪಾಚಿಯಿಂದ ಬರುವ ಅಂಟಿನೊಳಗೆ ಹುದುಗಿಸಿ ಬೆಳಕು ಬಿಟ್ಟರು. ಚಿನ್ನ ಬೆಳಕನ್ನು ಹೀರಿ ಬಿಸಿಯಾಯಿತು. ಸುತ್ತಲಿನ ದ್ರವ ತಣ್ಣಗೇ ಇತ್ತು, ಅಂಟಿನ ಒಳಗೆ ಮಾತ್ರ ಸುಮಾರು 20 ಡಿಗ್ರಿ ಸೆಲ್ಸಿಯಸ್ ಹೆಚ್ಚಿತು. ಕಿಣ್ವದ ವೇಗ ಶೇಕಡಾ 60ರಷ್ಟು ಏರಿತು. ಅದೇ ಕಣಗಳನ್ನು ಮತ್ತೆ ಮತ್ತೆ ಬಳಸಲೂ ಬಂದಿತು.

ಇಡೀ ಹಂಡೆಯನ್ನು ಕಾಯಿಸುವ ಬದಲು ಕಿಣ್ವ ಇರುವಲ್ಲಿ ಮಾತ್ರ ಬಿಸಿ! ಎಷ್ಟೊಂದು ಉರುವಲು ಉಳಿಯಬಹುದು ನೋಡಿ. ಬೆಳಗಾವಿ ಕಬ್ಬಿನ ಜಿಲ್ಲೆ, ಹಾಲಿನ ಜಿಲ್ಲೆ. ಹಾಗಾದರೆ ನಾಳೆಯೇ ಇದನ್ನು ನಮ್ಮ ಕಾರ್ಖಾನೆಗಳಿಗೆ ತರಬೇಕಲ್ಲವೇ?

ಬೇಡ ಎನ್ನುತ್ತೇನೆ ನಾನು. ಈಗಲೇ ಬೇಡ, ಈ ರೂಪದಲ್ಲಿ ಬೇಡ. ಹಾಲು ಬಿಳಿ, ಕಬ್ಬಿನ ಹಾಲು ಬಗ್ಗಡ. ಒಂದು ಲೋಟ ಹಾಲಿನ ಆಚೆಯಿಂದ ಟಾರ್ಚ್ ಹಿಡಿದು ನೋಡಿ, ಬೆಳಕು ಎಷ್ಟು ದೂರ ಹೋಗುತ್ತದೆ? ದೊಡ್ಡ ತೊಟ್ಟಿಯ ನಡುವಿನ ಕಣಕ್ಕೆ ಬೆಳಕು ತಲುಪುವುದೇ ಇಲ್ಲ. ಚಿನ್ನದ ಬೆಲೆ ನಿಮ್ಮ ಮನೆಯಲ್ಲೇ ಕೇಳಿ, ನಾನು ಹೇಳಬೇಕಾಗಿಲ್ಲ.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ನೀರು. ಮಲಪ್ರಭೆ ಹುಟ್ಟುವುದು ಇದೇ ಕಣಕುಂಬಿಯಲ್ಲಿ. ಖಾನಾಪುರವನ್ನು ದಾಟಿ ಹೋಗುವ ಆ ನೀರನ್ನು ನವಿಲುತೀರ್ಥದ ಅಣೆಕಟ್ಟಿನಿಂದ ಹುಬ್ಬಳ್ಳಿ-ಧಾರವಾಡದವರು ಕುಡಿಯುತ್ತಾರೆ. ನ್ಯಾನೊ ಕಣಗಳನ್ನು ನಾವು ಮನೆಯಲ್ಲಿ ಬಳಸುವ ಬಟ್ಟೆಯಲ್ಲಿ ಸೋಸಿ ಹಿಡಿಯಲಾಗದು. ಬೆಳ್ಳಿಯ ನ್ಯಾನೊ ಕಣಗಳು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತವೆ. ಗಾಯದ ಪಟ್ಟಿಯಲ್ಲಿ ಅದು ಒಳ್ಳೆಯದು, ಹೊಳೆಯಲ್ಲಿ ಅಲ್ಲ. ‘ನ್ಯಾನೊ’ ಎಂಬ ಮಾತು ಕೇಳಿದೊಡನೆ ಚಪ್ಪಾಳೆ ತಟ್ಟುವವರು ಬಹಳ. ಬಳಸಿದ ಕಣವನ್ನು ವಾಪಸು ಹಿಡಿಯುವುದು ಹೇಗೆ ಎಂದು ಕೇಳುವವರು ಕಡಿಮೆ.

ಆದ್ದರಿಂದ ನನ್ನ ಒಲವು ಕಬ್ಬಿಣದ ಕಡೆಗೆ. ಕಬ್ಬಿಣದ ಆಕ್ಸೈಡಿನ ಕಪ್ಪು ಕಣಗಳೂ ಬೆಳಕು ಹೀರಿ ಬಿಸಿಯಾಗುತ್ತವೆ. ಚಿನ್ನದಷ್ಟು ಚುರುಕಾಗಿ ಅಲ್ಲದಿರಬಹುದು. ಆದರೆ ಅಗ್ಗ, ಮೇಲಾಗಿ ಕೆಲಸ ಮುಗಿದ ಮೇಲೆ ಆಯಸ್ಕಾಂತ ಹಿಡಿದು ಎಳೆದುಕೊಳ್ಳಬಹುದು! ಬೆಳಗಾವಿಯಲ್ಲೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ಇಂಥ ಪ್ರಶ್ನೆಗಳನ್ನು ಹೂಸ್ಟನ್ನಿನಲ್ಲಿ ಮಾತ್ರ ಕೇಳಬೇಕೆಂದಿಲ್ಲ. ಆಗಲಿ, ಚಿನ್ನದ ಪ್ರಯೋಗ ದಂಡವೆಂದು ನಾನು ಹೇಳುತ್ತಿಲ್ಲ. ಅದು ದಾರಿ ತೋರಿಸಿತು. ರೋಗಪರೀಕ್ಷೆಯಂಥ ಕೆಲಸಕ್ಕೆ ಚಿಟಿಕೆಗಿಂತ ಕಡಿಮೆ ಚಿನ್ನ ಸಾಕು, ಅಲ್ಲಿ ಅದು ದುಬಾರಿಯೂ ಅಲ್ಲ.

ನನ್ನ ಮಾತನ್ನು ಹಾಗೇ ಒಪ್ಪಿಕೊಳ್ಳಬೇಡಿ. ಶಿಕ್ಷಕರ ಎದುರಿಗೆ ಮೂರು ಪ್ರನಾಳಗಳಲ್ಲಿ ತಿಳಿ ಗಂಜಿ ತೆಗೆದುಕೊಂಡು, ಮೂರಕ್ಕೂ ಸ್ವಲ್ಪ ಜೊಲ್ಲು ಸೇರಿಸಿ. ಒಂದನ್ನು ತಣ್ಣೀರಿನಲ್ಲಿ, ಒಂದನ್ನು ಉಗುರುಬೆಚ್ಚಗಿನ ನೀರಿನಲ್ಲಿ, ಇನ್ನೊಂದನ್ನು ಬಿಸಿಲಿನಲ್ಲಿ ಕಪ್ಪು ಕಾಗದ ಸುತ್ತಿ ಇಡಿ. ಐದೈದು ನಿಮಿಷಕ್ಕೆ ಒಂದೊಂದು ಹನಿ ತೆಗೆದು ಟಿಂಚರ್ ಅಯೋಡಿನ್ ಹಾಕಿ. ನೀಲಿ ಬಣ್ಣ ಬರುವುದು ಯಾವುದರಲ್ಲಿ ಮೊದಲು ನಿಂತಿತು? ಬರೆದು ಕಳಿಸಿ.